ಪಾಳಿಯ ಅಧ್ಯಕ್ಷಗಿರಿ

(ನಾಗಪುರದ ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಬರುವ ವಾರ್ಷಿಕ ಸಭೆಯ ಮುಂದೆ ಒಂದು ಠರಾವು ಬಂದಿರುವುದು ತಮಗೆಲ್ಲ ಗೊತ್ತೇ ಇದೆ. ಸಂಘದ ಅಧ್ಯಕ್ಷಸ್ಥಾನ ಇನ್ನು ಮುಂದೆ ವರ್ಷಕ್ಕೊಮ್ಮೆ ಕೈ ಬದಲಾಯಿಸಬೇಕು. ಧಾರವಾಡ-ಬೆಳಗಾವಿಯ ಕಡೆಯವರು, ಉಡುಪಿ-ಮಂಗಳೂರಿನವರು, ಮೈಸೂರು-ಬೆಂಗಳೂರಿನವರು, ಕಲಬುರ್ಗಿ-ಬೀದರದವರು, ಹೀಗೆ ಪಾಳಿ ಹಚ್ಚಬೇಕು ಎಂಬುದು ಅದರ ತಾತ್ಪರ್ಯ. ಕಾರ್ಯಕಾರಿ ಮಂಡಳಿಯಲ್ಲಿ ಈ ಮಾತು ಎದ್ದಾಗ ದನಿಗಳು ಸ್ವಲ್ಪ ಏರಿದವು. ಒಬ್ಬ ಹಿರಿಯರು, “ದೊಡ್ಡ ದೊಡ್ಡ ದೇಶಗಳೇ ಪಾಳಿಯ ಮೇಲೆ ಅಧ್ಯಕ್ಷರಾಗುತ್ತವೆ, ನಮಗೇನು ಧಾಡಿ?” ಎಂದರು. ಇನ್ನೊಬ್ಬರು, “ಅದಕ್ಕೇ ಆ ದೇಶಗಳ ಕೆಲಸ ಒಂದೂ ಮುಂದೆ ಸಾಗುವುದಿಲ್ಲ” ಎಂದರು. ಇಬ್ಬರ ಮಾತೂ ಪೂರಾ ನಿಜವಲ್ಲ ಎಂದು ನಾನು ಬಾಯಿ ತಪ್ಪಿ ಅಂದುಬಿಟ್ಟೆ. ಅದರ ದಂಡ ಈ ಭಾಷಣ. ನಾನು ಮೆಟ್ರಿಕ್ ಮುಗಿಸಿದ ಗಿರಣಿ ಕಾರಕೂನ, ರಾಜನೀತಿಯ ಪಂಡಿತನಲ್ಲ. ಇಲ್ಲಿಯ ಪತ್ರಿಕೆಗಳನ್ನು ರಾತ್ರಿ ಮಡಿಸಿ ಕಟ್ಟಿಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಮಡಿಸುವ ಮುಂಚೆ ಓದುತ್ತೇನೆ, ಅಷ್ಟೆ.

ಪಾಳಿ ಎಂದರೆ ನಮಗೆ ಎರಡು ಅರ್ಥ. ಸರದಿಯೂ ಹೌದು, ಗಿರಣಿಯ ಪಾಳಿಯೂ ಹೌದು. ರಾತ್ರಿಪಾಳಿಯವನು ಬಂದಾಗ ಎರಡನೆಯ ಪಾಳಿಯವನು ಎದ್ದು ಹೋಗುತ್ತಾನೆ, ಯಂತ್ರ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂದರೆ ಹೋಗುವವನು ಪುಸ್ತಕದಲ್ಲಿ ಬರೆದಿಟ್ಟು ಹೋಗುತ್ತಾನೆ, ಬರುವವನು ಅದನ್ನು ಓದುತ್ತಾನೆ. ಈ ಪುಸ್ತಕದ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಡಬೇಕು.

ದೂರದ ದೇಶಗಳಿಗೆ ಹೋಗುವ ಮೊದಲು ಉಡುಪಿಗೆ ಹೋಗೋಣ. ಸರದಿಯ ಯಜಮಾನಿಕೆಗೆ ನಮ್ಮ ನಾಡಿನಲ್ಲೇ ನೂರಾರು ವರ್ಷಗಳಿಂದ ನಡೆದುಬಂದ ಒಂದು ಹೆಸರಿದೆ: ಪರ್ಯಾಯ. ಕೃಷ್ಣಮಠದ ಪೂಜೆ ಒಬ್ಬರ ಸ್ವತ್ತಲ್ಲ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಮಠಗಳಿವೆ. ಒಂದು ಮಠದ ಮೇಲೆ ಇನ್ನೊಂದಕ್ಕೆ ಅಧಿಕಾರವಿಲ್ಲ. ಮೊದಲು ಒಂದೊಂದು ಮಠಕ್ಕೆ ಎರಡೆರಡು ತಿಂಗಳಂತೆ ಪೂಜೆ ಬರುತ್ತಿತ್ತು. 16ನೆಯ ಶತಮಾನದಲ್ಲಿ ವಾದಿರಾಜರು ಅದನ್ನು ಎರಡೆರಡು ವರ್ಷಕ್ಕೆ ಏರಿಸಿದರು. ಎಂಟು ಮಠ, ತಲಾ ಎರಡು ವರ್ಷ. ಸುತ್ತು ಪೂರೈಸಲು ಹದಿನಾರು ವರ್ಷ. ಎರಡು ತಿಂಗಳಲ್ಲಿ ಕೀಲಿಕೈಗಳ ಗುರುತು ಹತ್ತುವಷ್ಟರಲ್ಲಿ ಅವಧಿ ತೀರುತ್ತದೆ. ಉಳಿದ ಹದಿನಾಲ್ಕು ತಿಂಗಳಲ್ಲಿ ಸಂಚಾರ, ಪಾಠ, ಪ್ರವಚನಕ್ಕೆ ಹೋಗಿ ಬರಲಿಕ್ಕೂ ಆಗದು. ಆ ವ್ಯವಸ್ಥೆಯಲ್ಲಿ ಈ ಅಡಚಣೆಗಳನ್ನು ಕಂಡುಕೊಳ್ಳಲು ದೊಡ್ಡ ಶಾಸ್ತ್ರವೇನೂ ಬೇಕಿಲ್ಲ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಮೆರವಣಿಗೆಯಲ್ಲ, ಅದಕ್ಕೂ ಮುಂಚಿನ ತಯಾರಿ. ಪರ್ಯಾಯಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ. ಊಟದ ಎಲೆಗೆ ಗಿಡ ನೆಡಬೇಕಲ್ಲ! ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಕಟ್ಟಿಗೆಯನ್ನು ತೇರಿನ ಆಕಾರದಲ್ಲಿ ಒಟ್ಟುತ್ತಾರೆ. ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈ ಒಪ್ಪಿಸುತ್ತಾರೆ. ರಾಜದಂಡವಲ್ಲ, ಬಡಿಸುವ ಸಟ್ಟುಗ. ಉಡುಪಿಯ ಕಡೆಯಿಂದ ಬಂದು ಇಲ್ಲಿ ಹೋಟೆಲು ನಡೆಸುವ ಗೆಳೆಯರು ಮುಂದಿನ ಸಾಲಿನಲ್ಲಿ ನಗುತ್ತಿದ್ದಾರೆ. ಸಟ್ಟುಗ ಹಿಡಿದವನ ಅಧಿಕಾರ ಎಷ್ಟೆಂದು ಅವರಿಗೆ ಗೊತ್ತು: ಅಡಿಗೆ ಎಲ್ಲರದು, ಮೊದಲು ಯಾರಿಗೆ, ಎಷ್ಟು, ಯಾವಾಗ ಎಂಬುದು ಸಟ್ಟುಗದ್ದು.

ಈಗ ದೇಶಗಳ ಮಾತು. ಸ್ವತಂತ್ರ ರಾಷ್ಟ್ರಗಳು ಕೂಡಿ ಒಂದು ಮಂಡಳಿ ಕಟ್ಟಿದಾಗ ಮೊದಲನೆಯ ತಂಟೆ ತಲೆಯ ಕುರ್ಚಿಯಲ್ಲಿ ಯಾರು ಕೂಡಬೇಕೆಂಬುದು. ದೊಡ್ಡವರಿಗೆ ಕೊಟ್ಟರೆ ಸಣ್ಣವರು ಒಪ್ಪರು. ಸಣ್ಣವರಿಗೆ ಕಾಯಂ ಕೊಟ್ಟರೆ ದೊಡ್ಡವರು ಕೇಳರು. ಪಶ್ಚಿಮ ಯುರೋಪಿನ ಆರು ದೇಶಗಳು 1957ರಲ್ಲಿ ರೋಮಿನ ಒಡಂಬಡಿಕೆಗೆ ಸಹಿ ಹಾಕಿದಾಗ ಕಂಡುಕೊಂಡ ಉಪಾಯ ಉಡುಪಿಯದೇ. ಮಂತ್ರಿಮಂಡಳಿಯ ಅಧ್ಯಕ್ಷತೆ ಆರಾರು ತಿಂಗಳಂತೆ ಸುತ್ತಬೇಕು ಎಂದರು. 1958ರಿಂದ ಅದು ಸುತ್ತುತ್ತಿದೆ. ಜರ್ಮನಿಗೂ ಆರು ತಿಂಗಳು, ನಮ್ಮ ಒಂದು ಜಿಲ್ಲೆಯಷ್ಟೂ ಜನರಿಲ್ಲದ ಲಕ್ಸೆಂಬರ್ಗಿಗೂ ಆರು ತಿಂಗಳು. ಈಗ ಸದಸ್ಯರು 27. ಒಮ್ಮೆ ಬಂದ ಪಾಳಿ ಮತ್ತೆ ಬರಲು ಹದಿಮೂರೂವರೆ ವರ್ಷ ಬೇಕು.

ಈ ಅಧ್ಯಕ್ಷನ ಕೈಯಲ್ಲಿ ಏನಿದೆ? ಯಾರಿಗೂ ಅಪ್ಪಣೆ ಕೊಡಲಾರ. ಒಂದು ವೋಟು ಹೆಚ್ಚು ಇಲ್ಲ. ಆದರೆ ಸಭೆ ಯಾವಾಗ ಸೇರಬೇಕು, ವಿಷಯಪಟ್ಟಿಯಲ್ಲಿ ಯಾವುದು ಮೇಲೆ ಯಾವುದು ಕೆಳಗೆ, ಜಗಳ ಬಿದ್ದಾಗ ರಾಜಿಯ ಕರಡು ಯಾರು ಬರೆಯಬೇಕು, ಚರ್ಚೆ ಸಾಕು ಎಂದು ಯಾರು ಹೇಳಬೇಕು, ಇವು ಅವನವು. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದರ ಮಹಿಮೆ ಬಿಡಿಸಿ ಹೇಳಬೇಕಾಗಿಲ್ಲ. ಸಾಹೇಬರು ಸಹಿ ಮಾಡುತ್ತಾರೆ, ನಿಜ. ಆದರೆ ಕರಡು ಬರೆದವನು ಕಾರಕೂನ.

ಒಂದು ಕಥೆಯಿಂದ ಇದು ಸ್ಪಷ್ಟವಾಗುತ್ತದೆ. 1965ರ ಮೊದಲ ಆರು ತಿಂಗಳು ಫ್ರಾನ್ಸಿನ ಪಾಳಿ. ಒಕ್ಕಲುತನಕ್ಕೆ ಕೊಡುವ ಹಣದ ವಿಷಯವಾಗಿ ಭಾರೀ ಚರ್ಚೆ ನಡೆದಿತ್ತು. ಜೂನ್ 30ರ ರಾತ್ರಿ ಗಡುವು. ನಡುರಾತ್ರಿ ದಾಟಿದ ಮೇಲೆ ಫ್ರಾನ್ಸಿನ ವಿದೇಶಾಂಗ ಮಂತ್ರಿ ಕೂವ್ ದ ಮುರ್ವಿಲ್ ಅಧ್ಯಕ್ಷಪೀಠದಿಂದಲೇ, ಒಪ್ಪಂದವಾಗಲಿಲ್ಲ, ಸಭೆ ಮುಗಿಯಿತು ಎಂದುಬಿಟ್ಟರು. ಮುಂದುವರಿಸೋಣ ಎಂಬ ಇಚ್ಛೆ ಉಳಿದವರಲ್ಲಿತ್ತು. ಆದರೆ ಮುಗಿಸುವ ಹಕ್ಕು ಕುರ್ಚಿಯದು. ಆಮೇಲೆ ಏಳು ತಿಂಗಳ ಕಾಲ ಫ್ರಾನ್ಸ್ ಮಂತ್ರಿಗಳ ಸಭೆಗೇ ಬರಲಿಲ್ಲ. ಖಾಲಿ ಕುರ್ಚಿಯ ಬಿಕ್ಕಟ್ಟು ಎಂದು ಅದಕ್ಕೆ ಹೆಸರಾಯಿತು. ಇಡೀ ಒಕ್ಕೂಟವೇ ಒಡೆಯುತ್ತದೆ ಎನ್ನುವ ಹೊತ್ತಿಗೆ, 1966ರ ಜನವರಿಯಲ್ಲಿ, ಪಾಳಿ ಬಂದದ್ದು ಎಲ್ಲರಿಗಿಂತ ಸಣ್ಣ ಲಕ್ಸೆಂಬರ್ಗಿಗೆ. ಅದರ ಪ್ರಧಾನಿ ಪಿಯರ್ ವೆರ್ನರ್ ಅಧ್ಯಕ್ಷರಾಗಿ ಎರಡೂ ಕಡೆಯವರನ್ನು ತಮ್ಮ ಊರಿಗೇ ಕರೆದು ಕೂಡಿಸಿದರು. ಒಂದು ಅತಿಮುಖ್ಯ ಹಿತದ ಪ್ರಶ್ನೆ ಬಂದರೆ ವೋಟಿಗೆ ಹಾಕದೆ ಚರ್ಚೆ ಮುಂದುವರಿಯಲಿ ಎಂದು ಫ್ರಾನ್ಸಿನ ಅಭಿಪ್ರಾಯ. ಚರ್ಚೆ ಮುಗಿಯದೇ ಹೋದರೆ ಏನು ಎಂಬಲ್ಲಿ ನಮ್ಮಲ್ಲಿ ಭೇದವಿದೆ ಎಂದು ಎಲ್ಲರೂ ಸೇರಿ ಬರೆದುಕೊಂಡರು. ಭೇದವಿದೆ ಎಂಬುದನ್ನೇ ಒಪ್ಪಂದವೆಂದು ಬರೆಯುವುದು ಸಾಮಾನ್ಯ ಬುದ್ಧಿಯಲ್ಲ! ಅದು ಅಂಜಿಕೆಯ ರಾಜಿ, ಮುಂದೆ ಬಹಳ ವರ್ಷ ಕೆಲಸ ಕುಂಟಿಸಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಫ್ರಾನ್ಸ್ ಮರಳಿ ಬಂದು ಕೂತಿತು. ಯಾರಿಗೂ ಅಂಜಿಕೆ ಹುಟ್ಟಿಸಲಾರದ ಸಣ್ಣ ದೇಶದ ಮನೆಯಲ್ಲಿ ಕೂಡ್ರಲು ದೊಡ್ಡವರಿಗೆ ಮಾನಭಂಗವಿರಲಿಲ್ಲ ಎಂದು ನನ್ನ ಎಣಿಕೆ.

ಪಾಳಿಯ ದೋಷವನ್ನೂ ಅದೇ ಯುರೋಪು ತೋರಿಸಿದೆ. 2024ರ ಜುಲೈ 1ಕ್ಕೆ ಹಂಗೇರಿಯ ಪಾಳಿ ಬಂತು. ಅದರ ಪ್ರಧಾನಿ ಓರ್ಬಾನರು ಒಂದು ವಾರದಲ್ಲಿ ಕೀವ್, ಮಾಸ್ಕೋ, ಬೀಜಿಂಗ್ ಮೂರೂ ಊರು ಸುತ್ತಿ ಬಂದರು, ಯುರೋಪಿನ ಅಧ್ಯಕ್ಷರೇ ಸಂಧಾನಕ್ಕೆ ಹೊರಟ ಠೀವಿಯಲ್ಲಿ. ಉಳಿದವರು ಸಿಟ್ಟಾದರು, ಇವರು ನಮ್ಮ ಪರವಾಗಿ ಹೋದವರಲ್ಲ ಎಂದು ಸಾರಿದರು. ಒಕ್ಕೂಟದ ಕಾರ್ಯಾಂಗವಾದ ಆಯೋಗವು ಹಂಗೇರಿಯಲ್ಲಿ ನಡೆಯುವ ಅನೌಪಚಾರಿಕ ಸಭೆಗಳಿಗೆ ತನ್ನ ಹಿರಿಯ ಸದಸ್ಯರನ್ನು ಕಳಿಸದೆ ಬರೀ ಅಧಿಕಾರಿಗಳನ್ನು ಕಳಿಸಿತು. ಸಟ್ಟುಗವನ್ನು ಗದೆಯೆಂದು ತಿಳಿದರೆ ಹೀಗಾಗುತ್ತದೆ.

ಇದಕ್ಕೆ ಪ್ರತಿಯಾಗಿ ಬೆಲ್ಜಿಯಮ್. 2010ರ ಜೂನಿನಲ್ಲಿ ಅಲ್ಲಿ ಚುನಾವಣೆಯಾಗಿ ಮಂತ್ರಿಮಂಡಲವೇ ಕೂಡಿ ಬರಲಿಲ್ಲ. ಜುಲೈಯಿಂದ ಯುರೋಪಿನ ಅಧ್ಯಕ್ಷತೆ ಅವರದು! ಮನೆಯಲ್ಲಿ ಯಜಮಾನನಿಲ್ಲ, ಊರಿನ ಯಜಮಾನಿಕೆ ಬಂದಿದೆ. ಆದರೂ ಆ ಆರು ತಿಂಗಳು ಚೆನ್ನಾಗಿಯೇ ನಡೆದವು ಎಂಬ ಹೆಸರು ಬಂತು. ಏಕೆಂದರೆ ಅನುಭವಿಕ ಅಧಿಕಾರಿಗಳಿದ್ದರು, ದಫ್ತರ ಸರಿಯಾಗಿತ್ತು, ಮಂಡಳಿಗೆ ಬ್ರಸೆಲ್ಸಿನಲ್ಲಿ ಕಾಯಂ ಕಾರ್ಯಾಲಯವಿತ್ತು. ಮೂರು ದೇಶಗಳು ಕೂಡಿ ಹದಿನೆಂಟು ತಿಂಗಳ ಕೆಲಸವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿಯೂ ಇತ್ತು. 2009ರ ಡಿಸೆಂಬರಿನಿಂದ ಅವರು ಇನ್ನೊಂದು ತಿದ್ದುಪಡಿ ಮಾಡಿಕೊಂಡಿದ್ದಾರೆ: ರಾಷ್ಟ್ರನಾಯಕರ ಕೂಟಕ್ಕೆ ಮಾತ್ರ ಎರಡೂವರೆ ವರ್ಷದ ಕಾಯಂ ಅಧ್ಯಕ್ಷ, ಮಂತ್ರಿಗಳ ಸಭೆಗಳಿಗೆ, ವಿದೇಶಾಂಗ ಒಂದನ್ನು ಬಿಟ್ಟು, ಹಳೆಯ ಪಾಳಿಯೇ. ವಾದಿರಾಜರು ಕಂಡ ಅಡಚಣೆಯನ್ನು ಅವರು ಕಂಡದ್ದು ಐವತ್ತು ವರ್ಷದ ಮೇಲೆ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪಾಳಿ ತಿಂಗಳಿಗೊಮ್ಮೆ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. 2021ರ ಆಗಸ್ಟಿನಲ್ಲಿ ನಮ್ಮ ದೇಶದ್ದಿತ್ತು. ಸಮುದ್ರ ಸುರಕ್ಷತೆಯ ಮೇಲೆ ವಿಶೇಷ ಚರ್ಚೆ ಇಟ್ಟುಕೊಂಡು ನಮ್ಮ ಪ್ರಧಾನಿಯೇ ಅಧ್ಯಕ್ಷತೆ ವಹಿಸಿದರು. ಇಂಥದು ವಿಷಯಪಟ್ಟಿಯ ಲಾಭ. ಆದರೆ 2022ರ ಫೆಬ್ರವರಿ ಬಂದಾಗ ಪಾಳಿ ರಶಿಯದ್ದು. ಯುಕ್ರೇನಿನ ಮೇಲೆ ರಶಿಯದ ಸೇನೆ ನುಗ್ಗಿದ ರಾತ್ರಿ, ಅದರ ಬಗ್ಗೆಯೇ ಕೂಡಿದ ತುರ್ತುಸಭೆಯ ಅಧ್ಯಕ್ಷಪೀಠದಲ್ಲಿ ರಶಿಯದ ಪ್ರತಿನಿಧಿಯೇ ಕೂತಿದ್ದರು. ಯಾರೂ ಅವರನ್ನು ಎಬ್ಬಿಸಲಿಲ್ಲ, ಅಕ್ಷರಮಾಲೆಗೆ ಕಣ್ಣಿಲ್ಲ.

ಇನ್ನು ನಮ್ಮ ಊರಿನ ಬಾಗಿಲಿಗೇ ಬಂದ ಅಧ್ಯಕ್ಷತೆ. ಜಿ-20 ಎಂಬ ಕೂಟ 1999ರಲ್ಲಿ ಹಣಕಾಸು ಮಂತ್ರಿಗಳ ಸಭೆಯಾಗಿ ಹುಟ್ಟಿತು. 2008ರಿಂದ ರಾಷ್ಟ್ರನಾಯಕರೇ ಸೇರತೊಡಗಿದರು. ಯುರೋಪಿನಂತೆ ಇದು ಕಾನೂನು ಮಾಡುವ ಒಕ್ಕೂಟವಲ್ಲ. ಇದಕ್ಕೆ ಸನ್ನದಿಲ್ಲ, ಕಾಯಂ ಕಾರ್ಯಾಲಯವಿಲ್ಲ, ಒಬ್ಬ ಕಾಯಂ ಜವಾನನೂ ಇಲ್ಲ. ದೇಶಗಳನ್ನು ಐದು ಗುಂಪು ಮಾಡಿ, ಗುಂಪಿನಿಂದ ಗುಂಪಿಗೆ ಅಧ್ಯಕ್ಷತೆ ದಾಟಿಸುತ್ತಾರೆ. ನಾವು ರಶಿಯ, ದಕ್ಷಿಣ ಆಫ್ರಿಕ, ತುರ್ಕಿಯ ಗುಂಪಿನವರು. ಕಾರ್ಯಾಲಯವಿಲ್ಲದ ಮೇಲೆ ಆ ವರ್ಷ ಅಧ್ಯಕ್ಷ ದೇಶವೇ ಕಾರ್ಯಾಲಯ. ಆದ್ದರಿಂದ ಬೇರೆಲ್ಲ ಕಡೆಗಿಂತ ಇಲ್ಲಿ ಪಾಳಿಯ ತೂಕ ಹೆಚ್ಚು. ಹಿಂದಿನವರು, ಈಗಿನವರು, ಮುಂದಿನವರು ಮೂವರೂ ಕೂಡಿ ನಡೆಯುವ ರೂಢಿಯೊಂದೇ ಅದರ ಕಟ್ಟು.

2022ರ ಡಿಸೆಂಬರ್ 1ರಿಂದ 2023ರ ನವೆಂಬರ್ 30ರ ತನಕ ನಮ್ಮ ಪಾಳಿ. 60 ಊರುಗಳಲ್ಲಿ 200ಕ್ಕೂ ಮೇಲ್ಪಟ್ಟು ಸಭೆಗಳಾದವು. ನಾಗಪುರಕ್ಕೆ ಸಿಕ್ಕಿದ್ದು ಸಿ-20, ಅಂದರೆ ನಾಗರಿಕ ಸಂಸ್ಥೆಗಳ ಕೂಟದ ಆರಂಭ ಸಮ್ಮೇಳನ. 2023ರ ಮಾರ್ಚ್ 20ರಂದು ಶುರುವಾಯಿತು. ಮಾತಾ ಅಮೃತಾನಂದಮಯಿ ಅದರ ಅಧ್ಯಕ್ಷರು. ವರ್ಧಾ ರಸ್ತೆಯ ಗೋಡೆಗಳಿಗೆ ಬಣ್ಣ ಬಂತು, ದೀಪಗಳು ಬಂದವು. ಬುಟಿಬೋರಿಗೆ ಕೆಲಸಕ್ಕೆ ಹೋಗುವ ನಾವು ಬಸ್ಸಿನ ಕಿಟಕಿಯಿಂದ ದಿನವೂ ನೋಡಿದೆವು. ಇಷ್ಟೇನಾ ಅಧ್ಯಕ್ಷತೆ ಎಂದರೆ, ಗೋಡೆಗೆ ಬಣ್ಣ ಬಳಿಯುವುದೆ? ಎಂದು ಆಗ ಯಾರೋ ಕೇಳಿದ್ದರು. ನನಗೂ ಹಾಗೆಯೇ ಅನ್ನಿಸಿತ್ತು. ಆ ಪ್ರಶ್ನೆಗೆ ಉತ್ತರ ವರ್ಧಾ ರಸ್ತೆಯಲ್ಲಿರಲಿಲ್ಲ. ಕನ್ನಡನಾಡಿನ ಎರಡು ಊರುಗಳಲ್ಲಿತ್ತು.

ಒಂದು ಬೆಂಗಳೂರು. 2023ರ ಫೆಬ್ರವರಿ 24, 25ರಂದು ಹಣಕಾಸು ಮಂತ್ರಿಗಳೂ ಕೇಂದ್ರ ಬ್ಯಾಂಕುಗಳ ಗವರ್ನರರೂ ಅಲ್ಲಿ ಸೇರಿದರು. ಅಧ್ಯಕ್ಷತೆ ನಿರ್ಮಲಾ ಸೀತಾರಾಮನ್ ಅವರದು. ರಾಜ್ಯಸಭೆಗೆ ಅವರು ಕರ್ನಾಟಕದಿಂದಲೇ ಆರಿಸಿ ಬಂದವರು. ಯುಕ್ರೇನ್ ಯುದ್ಧದ ಎರಡು ಪರಿಚ್ಛೇದಗಳಿಗೆ ರಶಿಯ, ಚೀನ ಒಪ್ಪಲಿಲ್ಲ. ಎಲ್ಲರ ಹೆಸರಿನ ಹೇಳಿಕೆ ಹೊರಡಲಿಲ್ಲ. ಅದರ ಬದಲು ‘ಅಧ್ಯಕ್ಷರ ಸಾರಾಂಶ’ ಎಂಬ ಕಾಗದ ಹೊರಟಿತು. ಆ ಎರಡಕ್ಕೆ ಇಬ್ಬರ ಒಪ್ಪಿಗೆಯಿಲ್ಲ ಎಂದು ಕೆಳಗೆ ಅಡಿಟಿಪ್ಪಣಿ. ಇದೂ ಕುರ್ಚಿಯ ಒಂದು ಉಪಯೋಗವೇ. ಸಭೆ ಮುರಿಯಿತು ಎನ್ನುವ ಬದಲು, ಒಪ್ಪಿದ್ದನ್ನೆಲ್ಲ ಅಧ್ಯಕ್ಷರು ತಮ್ಮ ಹೆಸರಿನಲ್ಲಿ ಬರೆದಿಡುವುದು.

ಇನ್ನೊಂದು ಹಂಪಿ. ರಾಷ್ಟ್ರನಾಯಕರ ಪರವಾಗಿ ದಾರಿ ಹುಡುಕುವ ಅಧಿಕಾರಿಗಳಿಗೆ ಶೆರ್ಪಾ ಎನ್ನುತ್ತಾರೆ, ಹಿಮಾಲಯದಲ್ಲಿ ಹೊರೆ ಹೊತ್ತು ದಾರಿ ತೋರುವವರ ಹೆಸರು. ಆ ಶೆರ್ಪಾಗಳು 2023ರ ಜುಲೈ 13ರಿಂದ 16ರ ತನಕ ಹಂಪಿಯಲ್ಲಿ ಕೂತು ದಿಲ್ಲಿಯ ಘೋಷಣೆಯ ಕರಡನ್ನು ಸಾಲುಸಾಲಾಗಿ ಓದತೊಡಗಿದರು. ಅದಕ್ಕೆ ಒಂದು ತಿಂಗಳು ಮುಂಚೆ ನಮ್ಮ ಪ್ರಧಾನಿ ಎಲ್ಲ ನಾಯಕರಿಗೂ ಪತ್ರ ಬರೆದು, ಆಫ್ರಿಕ ಒಕ್ಕೂಟಕ್ಕೆ ಪೂರ್ಣ ಸದಸ್ಯತ್ವ ಕೊಡೋಣ ಎಂದು ಸೂಚಿಸಿದ್ದರು. ಹಂಪಿಯಲ್ಲಿ ಆ ಸೂಚನೆ ಕರಡಿನೊಳಗೆ ಸೇರಿತು. ಅಲ್ಲಿಯ ತನಕ ಈ ಕೂಟದಲ್ಲಿ ಇದ್ದ ಆಫ್ರಿಕದ ದೇಶ ದಕ್ಷಿಣ ಆಫ್ರಿಕ ಒಂದೇ. ಯುರೋಪಿಗಾದರೋ ನಾಲ್ಕು ದೇಶಗಳ ಮೇಲೆ ಒಕ್ಕೂಟದ್ದೂ ಒಂದು ಕುರ್ಚಿ. ಸೆಪ್ಟೆಂಬರ್ 9ರಂದು ದಿಲ್ಲಿಯಲ್ಲಿ ಸಭೆ ಶುರುವಾಗುತ್ತಲೇ 55 ದೇಶಗಳ ಆಫ್ರಿಕ ಒಕ್ಕೂಟಕ್ಕೆ ಕುರ್ಚಿ ಹಾಕಿದರು. ಬಂದು ಕೂತವರು ಅದರ ಅಧ್ಯಕ್ಷ, ಕೊಮೊರೊಸ್ ದ್ವೀಪಗಳ ಅಜಾಲಿ ಅಸ್ಸೌಮಾನಿ. ಆಫ್ರಿಕ ಒಕ್ಕೂಟದಲ್ಲೂ ಅಧ್ಯಕ್ಷತೆ ವರ್ಷದ ಪಾಳಿಯೇ. ಹತ್ತು ಲಕ್ಷ ಜನವೂ ಇಲ್ಲದ ಒಂದು ದ್ವೀಪದೇಶದ ಮನುಷ್ಯ, ಪಾಳಿಯ ದೆಸೆಯಿಂದ ಇಡೀ ಖಂಡದ ಪರವಾಗಿ, ಪಾಳಿಯ ದೆಸೆಯಿಂದ ತೆರೆದ ಬಾಗಿಲಲ್ಲಿ ಒಳಗೆ ಬಂದ! ಪತ್ರಿಕೆಯಲ್ಲಿ ಆ ಫೋಟೋ ನೋಡಿದ ದಿನ ನನಗೆ ವರ್ಧಾ ರಸ್ತೆಯ ಗೋಡೆಗಳ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಅರ್ಧವೆಂದೇ ಹೇಳುತ್ತೇನೆ. ಯುದ್ಧದ ಸಾಲುಗಳಲ್ಲಿ ಎಲ್ಲರ ಒಪ್ಪಿಗೆ ಪಡೆಯಲು ಕೊಟ್ಟ ಬೆಲೆಯೂ ಇತ್ತು. 2022ರಲ್ಲಿ ಇಂಡೋನೇಷಿಯದ ಪಾಳಿಯಲ್ಲಿ ಬಾಲಿಯ ಘೋಷಣೆ, ಬಹುಪಾಲು ಸದಸ್ಯರು ಯುದ್ಧವನ್ನು ಬಲವಾಗಿ ಖಂಡಿಸಿದರು ಎಂದು ಹೇಳಿತ್ತು. ದಿಲ್ಲಿಯ ಮಾತು ಮೆತ್ತಗಾಯಿತು. ರಶಿಯದ ಹೆಸರೆತ್ತಿ ದೂರಲಿಲ್ಲ. ಯುಕ್ರೇನಿನವರು ಇದರಲ್ಲಿ ಹೆಮ್ಮೆ ಪಡುವಂಥದೇನೂ ಇಲ್ಲ ಎಂದರು. ಅವರ ಸ್ಥಾನದಲ್ಲಿ ನಿಂತರೆ ನಾವೂ ಅದನ್ನೇ ಅನ್ನುತ್ತಿದ್ದೆವು. ನಮ್ಮ ಶೆರ್ಪಾ ಅಮಿತಾಭ್ ಕಾಂತ್ ಲೆಕ್ಕ ಕೊಟ್ಟರು: 200 ಗಂಟೆಗಳ ಮಾತುಕತೆ, 300 ಪ್ರತ್ಯೇಕ ಭೇಟಿ, 15 ಕರಡು. ತಮ್ಮ ಜೊತೆ ದುಡಿದ ನಾಗರಾಜ ನಾಯ್ಡು, ಈನಂ ಗಂಭೀರ್ ಎಂಬ ಇಬ್ಬರು ಅಧಿಕಾರಿಗಳ ಹೆಸರನ್ನೂ ಹೇಳಿದರು. ಕರಡು ಬರೆದವರ ಹೆಸರು ಹೊರಗೆ ಬರುವುದು ಅಪರೂಪ. ಕಾರಕೂನನಾದ ನನಗೆ ಅದು ಬಹಳ ಸಂತೋಷ ಕೊಟ್ಟಿತು. ಇಂಡೋನೇಷಿಯ, ಬ್ರೆಜಿಲ್, ದಕ್ಷಿಣ ಆಫ್ರಿಕ ಎಂಬ ಹಿಂದಿನ ಮುಂದಿನ ಪಾಳಿಯವರು ಹೆಗಲು ಕೊಟ್ಟರು ಎಂಬುದನ್ನೂ ಅವರು ಮರೆಯಲಿಲ್ಲ.

ನಮ್ಮಂಥ ದುಡಿಯುವವರ ಪಾಲಿಗೆ ಅದರಲ್ಲಿ ಏನು ಬಂತೆಂದು ಕೇಳುವಿರಿ. ಎಲ್-20 ಎಂಬ ಕಾರ್ಮಿಕರ ಕೂಟ 2023ರ ಮಾರ್ಚಿನಲ್ಲಿ ಅಮೃತಸರದಲ್ಲಿ, ಜೂನಿನಲ್ಲಿ ಪಟ್ಣಾದಲ್ಲಿ ಸೇರಿತು. ಅದರ ಅಧ್ಯಕ್ಷತೆ ಭಾರತೀಯ ಮಜ್ದೂರ್ ಸಂಘಕ್ಕೆ ಹೋಯಿತು. ಇತರ ಕೇಂದ್ರ ಕಾರ್ಮಿಕ ಸಂಘಗಳು ಅದನ್ನು ಆಕ್ಷೇಪಿಸಿದವು. ಪಾಳಿ ದೇಶಕ್ಕೆ ಬಂದರೂ ದೇಶದೊಳಗೆ ಯಾರ ಕೈಗೆ ಎಂಬ ಜಗಳ ಬೇರೆಯೇ ಇರುತ್ತದೆ. ಊರು ಬಿಟ್ಟು ಹೋಗಿ ದುಡಿಯುವವರ ಸಾಮಾಜಿಕ ಭದ್ರತೆಯ ಸವಲತ್ತು ಅವರ ಜೊತೆಗೇ ಗಡಿ ದಾಟಬೇಕು ಎಂಬ ವಿಷಯ ಅಲ್ಲಿ ಚರ್ಚೆಯಾಯಿತು. ದಿಲ್ಲಿಯ ಘೋಷಣೆಯಲ್ಲಿ ಅದು ಬಂದಿದೆ. ಹೇಗೆ ಬಂದಿದೆ? ಒಡಂಬಡಿಕೆಗಳ ಮೂಲಕ ಅದನ್ನು ‘ಪರಿಗಣಿಸುವುದು’ ಎಂದು. ಒಂದು ಊರಿನ ಗಿರಣಿ ಬಿಟ್ಟು ಇನ್ನೊಂದು ಊರಿಗೆ ಬಂದಾಗ ಭವಿಷ್ಯನಿಧಿಯ ಹಣ ಹಿಂದೆ ಬರಲು ಎಷ್ಟು ಅರ್ಜಿ ಬರೆಯಬೇಕೆಂದು ಇಲ್ಲಿ ಕೂತವರಿಗೆ ಗೊತ್ತು. ಪರಿಗಣಿಸುವುದು ಎಂಬ ಪದದ ಬೆಲೆಯೂ ಗೊತ್ತು. ಆದರೂ ಕರಡಿನಲ್ಲಿ ಇಲ್ಲದ ಪದಕ್ಕಿಂತ ಇರುವ ಪದ ಮೇಲು; ನಾಳೆ ತೋರಿಸಿ ಕೇಳಬಹುದು.

ಪಾಳಿ ನಿಂತುಹೋದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಮಗ್ಗುಲಲ್ಲೇ ದೃಷ್ಟಾಂತವಿದೆ. ದಕ್ಷಿಣ ಏಷ್ಯದ ಏಳು ದೇಶಗಳು 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸಾರ್ಕ್ ಸಂಸ್ಥೆ ಕಟ್ಟಿದವು. ಅದರ ಎರಡನೆಯ ಶೃಂಗಸಭೆ ಸೇರಿದ್ದು 1986ರ ನವೆಂಬರ್ 16, 17ರಂದು ಬೆಂಗಳೂರಿನಲ್ಲಿ. ಕಾಠ್ಮಂಡುವಿನಲ್ಲಿ ಕಾಯಂ ಕಾರ್ಯಾಲಯ ತೆರೆಯುವ ಕರಾರಿಗೆ ಸಹಿ ಬಿದ್ದದ್ದು ಆ ಸಭೆಯಲ್ಲೇ. ಅಂದರೆ ಕಾರ್ಯಾಲಯವಿದೆ, ಸನ್ನದಿದೆ, ಪಾಳಿಯ ರೂಢಿಯಿದೆ. 2014ರಲ್ಲಿ ಕಾಠ್ಮಂಡು ಸಭೆಯಾಗಿ ನೇಪಾಳ ಅಧ್ಯಕ್ಷವಾಯಿತು. ಮುಂದಿನದು 2016ರ ನವೆಂಬರಿನಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿತ್ತು. ಉರಿಯಲ್ಲಿ ನಮ್ಮ ಸೈನಿಕರ ಮೇಲೆ ದಾಳಿಯಾದ ಮೇಲೆ ನಾವು ಬರುವುದಿಲ್ಲವೆಂದೆವು, ಬೇರೆಯವರೂ ಹಿಂದೆ ಸರಿದರು. ಅಂದಿನಿಂದ ಶೃಂಗಸಭೆ ನಡೆದೇ ಇಲ್ಲ. ಸಟ್ಟುಗ ನೇಪಾಳದ ಕೈಯಲ್ಲೇ ಉಳಿದಿದೆ, ತೆಗೆದುಕೊಳ್ಳುವವರಿಲ್ಲ. ಹೋಗದೆ ಇದ್ದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಮುಂದಿನ ಸಭೆ ಮುಂದಿನವನ ಮನೆಯಲ್ಲೇ ಎಂದು ರೂಢಿ ಕಟ್ಟಿಕೊಂಡರೆ, ಆ ಮನೆಗೆ ಹೋಗಲಾಗದ ದಿನ ಇಡೀ ಸಂಸ್ಥೆ ಬೀದಿಯಲ್ಲಿ ನಿಲ್ಲುತ್ತದೆ ಎಂಬುದಷ್ಟೇ ನನ್ನ ಮಾತು.

ಜಿ-20ಕ್ಕೂ ಆ ಗಾಳಿ ತಾಗಿದೆ. 2023ರ ಸೆಪ್ಟೆಂಬರ್ 10ರಂದು ದಿಲ್ಲಿಯಲ್ಲಿ ಅಧ್ಯಕ್ಷರ ಮರದ ಕೊಡತಿಯನ್ನು ನಮ್ಮವರು ಬ್ರೆಜಿಲಿನ ಲೂಲಾ ಅವರ ಕೈಗೆ ಕೊಟ್ಟರು. 2025ರಲ್ಲಿ ಅದು ದಕ್ಷಿಣ ಆಫ್ರಿಕದಲ್ಲಿತ್ತು. ನವೆಂಬರಿನ ಜೋಹಾನ್ಸ್‌ಬರ್ಗ್ ಸಭೆಗೆ ಮುಂದಿನ ಪಾಳಿಯವರಾದ ಅಮೇರಿಕದವರು ಬರಲೇ ಇಲ್ಲ. ಒಪ್ಪಿಸಿಕೊಳ್ಳಲು ರಾಯಭಾರ ಕಚೇರಿಯ ಅಧಿಕಾರಿಯನ್ನು ಕಳಿಸುತ್ತೇವೆ ಎಂದರು. ಕಿರಿಯ ಅಧಿಕಾರಿಯ ಕೈಗೆ ನಮ್ಮ ರಾಷ್ಟ್ರಾಧ್ಯಕ್ಷರು ಕೊಡುವುದಿಲ್ಲ ಎಂದು ದಕ್ಷಿಣ ಆಫ್ರಿಕದವರು ಅಂದರು. ಕೆಲದಿನಗಳಲ್ಲೇ ಅಮೇರಿಕದ ಅಧ್ಯಕ್ಷರು, 2026ರ ತಮ್ಮ ಸಭೆಗೆ ದಕ್ಷಿಣ ಆಫ್ರಿಕಕ್ಕೆ ಕರೆಯೋಲೆಯೇ ಇಲ್ಲ ಎಂದು ಸಾರಿದರು. ಸನ್ನದಿಲ್ಲದ ಕೂಟದಲ್ಲಿ, ಕರೆಯೋಲೆ ಬರೆಯುವವನು ಸದಸ್ಯನನ್ನು ಹೊರಗಿಡಬಾರದು ಎಂದು ಎಲ್ಲಿ ಬರೆದಿದೆ? ಎಲ್ಲೂ ಇಲ್ಲ.

ನಮ್ಮ ಸಂಘದ ಮಾತಿಗೆ ಬರುವ ಮುಂಚೆ ಈ ನಾಗಪುರದ್ದೇ ಒಂದು ಸಂಗತಿ ಹೇಳದೆ ಇರಲಾರೆ. ಕಾಂಗ್ರೆಸ್ಸಿಗೆ ಹಿಂದೆ ವರ್ಷಕ್ಕೊಬ್ಬ ಅಧ್ಯಕ್ಷರು, ವರ್ಷಕ್ಕೊಂದು ಊರು. ಡಿಸೆಂಬರಿನಲ್ಲಿ ಕೂಡುವುದು, ಭಾಷಣ, ಠರಾವು, ಮತ್ತೆ ಮುಂದಿನ ಡಿಸೆಂಬರ. 1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇಲಂ ವಿಜಯರಾಘವಾಚಾರ್ಯರ ಅಧ್ಯಕ್ಷತೆಯಲ್ಲಿ ಕೂಡಿದಾಗ ಗಾಂಧೀಜಿ ಬರೆದ ಹೊಸ ಕಟ್ಟಳೆ ಪಾಸಾಯಿತು. ಭಾಷಾವಾರು ಪ್ರಾಂತ ಸಮಿತಿಗಳು ಅದರಿಂದ ಬಂದವು. ಮುಂಬಯಿ, ಮದರಾಸುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕ ಎಂಬ ಒಂದು ಪ್ರಾಂತ ಸಮಿತಿ ಸಿಕ್ಕದ್ದು ಈ ಊರಿನ ನಿರ್ಣಯದಿಂದಲೇ. ಅದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಅಷ್ಟಾಗಿ ಹೇಳದ ಇನ್ನೊಂದು ಸಾಲು ಅದೇ ಕಟ್ಟಳೆಯಲ್ಲಿತ್ತು: 15 ಜನರ ಕಾರ್ಯಕಾರಿ ಸಮಿತಿ. ಅಧ್ಯಕ್ಷರು ಬದಲಾಗಲಿ, ಊರು ಬದಲಾಗಲಿ, ವರ್ಷವಿಡೀ ಕೆಲಸ ನಡೆಸುವ ಒಂದು ಕೈ ಇರಲಿ ಎಂದು. ನಾಲ್ಕು ವರ್ಷದ ಮೇಲೆ, 1924ರಲ್ಲಿ, ಬೆಳಗಾವಿಯಲ್ಲಿ ಗಾಂಧೀಜಿಯವರೇ ಅಧ್ಯಕ್ಷರಾದರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ವರ್ಷ ತೀರಿದ ಮೇಲೆ ಕಾನ್ಪುರದಲ್ಲಿ ಪೀಠವನ್ನು ಸರೋಜಿನಿ ನಾಯ್ಡು ಅವರಿಗೆ ಬಿಟ್ಟುಕೊಟ್ಟರು. ಗಾಂಧೀಜಿಗೇ ಒಂದು ವರ್ಷ ಸಾಕಾಗಿರುವಾಗ ನಮ್ಮಲ್ಲಿ ಯಾರಿಗೂ ಒಂಬತ್ತು ವರ್ಷ ಬೇಕಾಗಲಾರದು ಎಂದು ನಗೆಯಾಡಬಹುದು, ಆದರೆ ಈಗಿನ ಅಧ್ಯಕ್ಷರು ಎದುರಿಗೇ ಕೂತಿದ್ದಾರೆ. ಅವರು ಒಂಬತ್ತು ವರ್ಷ ಹೊತ್ತಿದ್ದಾರೆಂದೇ ಈ ಕಟ್ಟಡದ ಬಾಡಿಗೆ ಒಂದು ತಿಂಗಳೂ ಬಾಕಿ ಬಿದ್ದಿಲ್ಲ, ಅದನ್ನೂ ಹೇಳಬೇಕು.

ನನ್ನ ಅಂಜಿಕೆ ಬೇರೆ. ಹಿಂದೊಮ್ಮೆ ಪದಾಧಿಕಾರಿಗಳು ಬದಲಾದಾಗ ಪತ್ರಿಕೆಗಳ ಚಂದಾದ ಪಾವತಿಗಳು ಹಳಬರ ಮನೆಯ ಟ್ರಂಕಿನಲ್ಲಿ ಉಳಿದವು. ಹೊಸಬರಿಗೆ ಯಾವುದರ ಚಂದಾ ಎಂದು ತೀರುತ್ತದೆಂದೇ ತಿಳಿಯಲಿಲ್ಲ. ಎರಡು ತಿಂಗಳು ಈ ಮೇಜಿನ ಮೇಲೆ ಒಂದು ಕನ್ನಡ ಪತ್ರಿಕೆಯೂ ಬರಲಿಲ್ಲ. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಹೊತ್ತು ಬರುವ ನಾಲ್ಕೈದು ಜನ ಬಂದು, ಬರೀ ಮೇಜು ನೋಡಿ, ನೀರು ಕುಡಿದು ಹೋಗುತ್ತಿದ್ದರು. ಒಬ್ಬರು ಆಮೇಲೆ ಬರುವುದನ್ನೇ ಬಿಟ್ಟರು. ದೂರು ಹೇಳಿದವರೂ ಅಲ್ಲ.

ಆದ್ದರಿಂದ ಠರಾವಿಗೆ ನಾನು ವಿರೋಧವಿಲ್ಲ. ನಾಲ್ಕು ಕಡೆಯವರಿಗೂ ಪಾಳಿ ಬರಲಿ. ಕಲಬುರ್ಗಿ-ಬೀದರದ ಕಡೆಯವರು ನಮ್ಮಲ್ಲಿ ಕಡಿಮೆ ಸಂಖ್ಯೆಯವರು, ಅವರಿಗೂ ಅಷ್ಟೇ ಅವಧಿ ಬರಲಿ, ಲಕ್ಸೆಂಬರ್ಗಿಗೆ ಬಂದ ಹಾಗೆ. ಆದರೆ ಒಂದು ವರ್ಷ ಸಾಲದು, ಎರಡು ವರ್ಷ ಇರಲಿ. ಏರುವವರು ಅದಕ್ಕೆ ಮುಂಚೆ ಒಂದು ವರ್ಷ ಉಪಾಧ್ಯಕ್ಷರಾಗಿ ಕೂತು ದಫ್ತರ ನೋಡಲಿ, ಇಳಿದವರು ಮತ್ತೊಂದು ವರ್ಷ ಮಂಡಳಿಯಲ್ಲಿ ಉಳಿಯಲಿ. ಕಾರ್ಯದರ್ಶಿ, ಕೋಶಾಧಿಕಾರಿಗಳ ಅವಧಿ ಅಧ್ಯಕ್ಷರ ಅವಧಿಯ ಜೊತೆಗೇ ಮುಗಿಯಬಾರದು. ಕಪಾಟಿನ ಕೀಲಿಕೈ, ಪುಸ್ತಕಗಳ ಯಾದಿ, ಚಂದಾದ ಪಾವತಿಗಳು ಯಾರ ಮನೆಗೂ ಹೋಗಬಾರದು. ಇಲ್ಲಿಯೇ ಇರಬೇಕು, ಮತ್ತು ಒಪ್ಪಿಸಿದ ದಿನ ಇಬ್ಬರೂ ಎಣಿಸಿ ಸಹಿ ಹಾಕಬೇಕು. ಸದಸ್ಯರನ್ನು ಸಭೆಗೆ ಕರೆಯುವ ಕಾಗದ ಅಧ್ಯಕ್ಷರ ಮರ್ಜಿಯಿಂದಲ್ಲ, ಯಾದಿಯಲ್ಲಿ ಹೆಸರಿದ್ದವರಿಗೆಲ್ಲ ತಾನಾಗಿ ಹೋಗಬೇಕು ಎಂಬುದನ್ನು ಕಟ್ಟಳೆಯಲ್ಲೇ ಬರೆಯೋಣ.

ಇವನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಪ್ರತಿ ಬಾಗಿಲ ಬಳಿಯ ಫಲಕದ ಮೇಲಿದೆ. ತಿದ್ದುಪಡಿ ಕೊಡಬೇಕೆನ್ನುವವರು ವಾರ್ಷಿಕ ಸಭೆಗೆ ಎಂಟು ದಿನ ಮುಂಚೆ ಬರೆದು ಕೊಡಬೇಕು. ಬರೆಯಲು ತೊಂದರೆಯಿದ್ದವರು ನನಗೆ ಹೇಳಿದರೆ ಬರೆದುಕೊಡುತ್ತೇನೆ. ಸಂಜೆ ಏಳರಿಂದ ಒಂಬತ್ತರ ತನಕ ಇಲ್ಲೇ ಇರುತ್ತೇನೆ.